ಮಾದೇವಿ ಮಾತು ಬಿಟ್ಟ ವರ್ಷ

ಕಳೆದ ತಿಂಗಳು ಇಂದಿರಾನಗರದ ಒಂದು ಹಳೇ ಮನೆಯವರು ನನ್ನನ್ನು ಹುಡುಕಿಸಿ ಕರೆಸಿದರು. ಮನೆಯನ್ನು ಹೊಸದಾಗಿ ಕೊಂಡವರು, ಇನ್ನೂ ಚಿಕ್ಕ ವಯಸ್ಸಿನ ಗಂಡ ಹೆಂಡತಿ. ನೆಲಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಸು ಕಿತ್ತಾಗ ಕೆಳಗೆ ಹಳೇ ಮೊಸಾಯಿಕ್ ಸಿಕ್ಕಿತಂತೆ. ಅದನ್ನು ಮತ್ತೆ ಹೊಳೆಯುವ ಹಾಗೆ ಮಾಡಬಹುದೇ ಎಂದು ಅವರಿಗೆ ತಿಳಿಯಬೇಕಿತ್ತು. ನಾನು ಪಾಲಿಶ್ ಮಷೀನು ಮುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಆದರೂ ಪರಿಚಯದವನೊಬ್ಬನ ಮಷೀನು ತರಿಸಿಕೊಂಡು ಹೋದೆ. ಮೂಲೆಯಲ್ಲಿ ಒಂದಿಷ್ಟು ನೀರು ಸುರಿದು ಕಲ್ಲು ತಿರುಗಿಸಿದ ಕೂಡಲೇ ಬೂದು ಬಣ್ಣದ, ಗಂಜಿಯಂಥ ಕೆಸರು ಎದ್ದಿತು. ಒದ್ದೆ ಸಿಮೆಂಟು, ಕಲ್ಲಿನ ಪುಡಿ, ಕಾದ ಮೋಟಾರು ಎಲ್ಲ ಬೆರೆತ ವಾಸನೆ. ನಾನು ಮಷೀನು ನಿಲ್ಲಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಇಪ್ಪತ್ತು ವರ್ಷಕ್ಕೂ ಮೇಲೆ ಆ ವಾಸನೆಯಲ್ಲೇ ದುಡಿದವನು ನಾನು. ಆದರೆ ಈಗ ಅದು ಮೂಗಿಗೆ ಬಡಿದರೆ ನೆನಪಿಗೆ ಬರುವುದು ಒಂದೇ ವರ್ಷ. ನನ್ನ ಮಗಳು ಮಾದೇವಿ ಮಾತು ಬಿಟ್ಟ ವರ್ಷ.

ಹೊಸ ಶತಮಾನಕ್ಕೆ ಆಗ ಇನ್ನೂ ಒಂದೆರಡು ವರ್ಷ ಬಾಕಿ ಇತ್ತು. ನಾನು, ನನ್ನ ಹೆಂಡತಿ ಬಸಮ್ಮ, ಒಂಬತ್ತು ವರ್ಷದ ಮಾದೇವಿ, ಮೂವರೂ ಹಲಸೂರು ಕೆರೆಗೆ ಹತ್ತಿರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನನ್ನ ಊರು ಯಾದಗಿರಿ ಕಡೆ. ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ನನ್ನ ಶಾಲೆ ಮುಗಿದಿತ್ತು. ಅಪ್ಪ ತೀರಿಕೊಂಡಿದ್ದ. ಸೋದರಮಾವ ನನ್ನನ್ನು ಕರೆತಂದು ಕೆ.ಆರ್. ಪುರದ ಒಬ್ಬ ಮೇಸ್ತ್ರಿಯ ಹತ್ತಿರ ಬಿಟ್ಟ. ಅಲ್ಲಿ ಕೆಸರು ಬಳಿಯುವುದರಿಂದ ಶುರುಮಾಡಿ ಕೊನೆಗೆ ಸ್ವಂತ ಎರಡು ಮಷೀನು ಇಟ್ಟುಕೊಳ್ಳುವವರೆಗೆ ಬಂದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಇಂದಿರಾನಗರ, ದೊಮ್ಮಲೂರು ಕಡೆ ಆಗ ಕಟ್ಟಿದ ಎಷ್ಟೋ ಮನೆಗಳ ನೆಲ ನನ್ನ ಕೈಯಲ್ಲಿ ಹೊಳಪು ಕಂಡದ್ದು. ಮಲ್ಲಪ್ಪನ ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಎಂದು ಒಬ್ಬ ಮನೆಯೊಡತಿ ನಾಲ್ಕು ಜನರ ಮುಂದೆ ಹೇಳಿದ್ದರು. ಆ ಮಾತನ್ನು ನಾನು ಬಹಳ ದಿನ ಹೊತ್ತುಕೊಂಡು ತಿರುಗಿದೆ.

ನಮ್ಮ ಕೆಲಸದ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಲ್ಲು ತಿರುಗುವಾಗ ಕೆಸರು ಗೋಡೆಗೆ ಹಾರುತ್ತದೆ, ಪಕ್ಕದ ಕೋಣೆಗೆ ಹರಿಯುತ್ತದೆ. ಅದಕ್ಕೆ ಬಾಗಿಲು ಕಿಟಕಿ ಮುಚ್ಚಿಕೊಂಡು, ಹೊಸಿಲಿಗೆ ಗೋಣಿಚೀಲ ತುರುಕಿ ಒಳಗೆ ನಿಲ್ಲುತ್ತಿದ್ದೆವು. ಸಾಮಾನಿಲ್ಲದ ಖಾಲಿ ಕೋಣೆ, ಒಳಗೆ ಕಬ್ಬಿಣದ ಮಷೀನು, ಅದರ ಹೊಟ್ಟೆಯಲ್ಲಿ ಕಲ್ಲು ಕಲ್ಲನ್ನು ತಿನ್ನುವ ಸದ್ದು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ನನ್ನ ಜೊತೆಗಿದ್ದ ಹೊಸಕೋಟೆ ಕಡೆಯ ಮುನಿಯಪ್ಪ, ನನಗಿಂತ ಹಿರಿಯ, ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಬಾಣಂತಿಯ ಹಾಗೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೀಯಲ್ಲ ಎಂದು ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. ಅವನು ತಿರುಗಿಸಿ ನನ್ನ ಗಂಟಲನ್ನು ಆಡಿಕೊಳ್ಳುತ್ತಿದ್ದ. ಮಲ್ಲಪ್ಪಣ್ಣ ಇಂದಿರಾನಗರದಲ್ಲಿ ನೀರು ಕೇಳಿದರೆ ಕೆ.ಆರ್. ಪುರದಲ್ಲಿ ಬಿಂದಿಗೆ ಎತ್ತುತ್ತಾರೆ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೊಡ್ಡ ದನಿ ದುಡಿಯುವ ಗಂಡಸಿನ ಲಕ್ಷಣ ಎಂದೇ ನನ್ನ ತಿಳುವಳಿಕೆಯಾಗಿತ್ತು.

ಮನೆಯಲ್ಲಿ ನಾನು ಒಂದು ಪದ್ಧತಿ ಇಟ್ಟಿದ್ದೆ. ಸಂಜೆ ಬಂದು ಕೈಕಾಲು ತೊಳೆದು ಚಾಪೆಯ ಮೇಲೆ ಕೂತರೆ ಮಾದೇವಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಮಗ್ಗಿ ಒಪ್ಪಿಸಬೇಕು. ನನಗೆ ಬರುತ್ತಿದ್ದುದು ಹತ್ತರವರೆಗೆ ಮಾತ್ರ. ಅವಳಿಗೆ ಇಪ್ಪತ್ತರವರೆಗೆ ಬರಬೇಕು ಎಂಬುದು ನನ್ನ ಹಟ. ಗಟ್ಟಿಯಾಗಿ ಹೇಳಬೇಕು, ನನಗೆ ಕೇಳಬೇಕು, ನಡುವೆ ಕೇಳದಿದ್ದರೆ ಮತ್ತೆ ಮೊದಲಿನಿಂದ. ಪಟ್ಟಣದಲ್ಲಿ ಬೆಳೆಯುವ ಹುಡುಗಿ, ನಾಳೆ ನಾಲ್ಕು ಜನರ ಮುಂದೆ ಮುಲುಗುಟ್ಟುವಂತಾಗಬಾರದು, ಧೈರ್ಯ ಬರಲಿ ಎಂದು ಹಾಗೆ ಮಾಡಿದೆ. ಅವಳದು ಮೊದಲಿನಿಂದಲೂ ಸಣ್ಣ ದನಿ. ಚಿಕ್ಕವಳಿದ್ದಾಗ ತೊಡೆ ಹತ್ತಿ ಕೂತು ಬಾಯಿ ತುಂಬ ಮಾತಾಡುತ್ತಿದ್ದಳು, ಎಲ್ಲ ಕೇಳುತ್ತಿತ್ತು. ದೊಡ್ಡವಳಾಗುತ್ತ ದೂರ ನಿಂತು ಮಾತಾಡತೊಡಗಿದಳು. ಆಮೇಲೆ ನನಗೆ ಕಾಣುತ್ತಿದ್ದುದು ತುಟಿಯ ಅಲುಗಾಟ ಮಾತ್ರ. ಬೇಕೆಂದೇ ಗೊಣಗುತ್ತಾಳೆ ಎಂದುಕೊಂಡೆ.

ಆ ವರ್ಷ ಮಳೆ ಜೂನ್‌ನಲ್ಲೇ ಬಿರುಸಾಗಿ ಹಿಡಿದಿತ್ತು. ನೆಲ ಒಣಗದೆ ಕೆಲಸ ಎಳೆಯುತ್ತಿತ್ತು. ಒಂದೇ ಮನೆಯಲ್ಲಿ ಹದಿನೈದು ದಿನ ಕೂತು, ಮನೆಗೆ ಬರುವಾಗ ತಲೆ ಕಾದಿರುತ್ತಿತ್ತು. ಅಂಥ ಒಂದು ಸಂಜೆ ಹದಿಮೂರರ ಮಗ್ಗಿ ನಡೆದಿತ್ತು. ಹೊರಗೆ ತಗಡಿನ ಮೇಲೆ ಮಳೆ. ಅವಳ ತುಟಿ ಅಲುಗಿತು, ನನಗೆ ಒಂದಕ್ಷರವೂ ಮುಟ್ಟಲಿಲ್ಲ. ಮತ್ತೆ ಮೊದಲಿನಿಂದ ಎಂದೆ. ಎರಡನೇ ಸಲ, ಮೂರನೇ ಸಲ. ನಾಲ್ಕನೇ ಸಲಕ್ಕೆ ಅವಳು ಬಾಯಿ ತೆರೆದು ಹಾಗೇ ನಿಂತಳು. ನಾನು ಎದ್ದು ಕೆನ್ನೆಗೆ ಬಾರಿಸಿದೆ. ಕಲ್ಲು ಎತ್ತಿ ಎತ್ತಿ ಗಟ್ಟಿಯಾದ ಕೈ ಅದು. ಬಸಮ್ಮ ಒಲೆ ಬಿಟ್ಟು ಓಡಿ ಬಂದು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದು ಬರೆಯುವ ಹಕ್ಕು ನನಗಿರುವುದಿಲ್ಲ.

ಅಂದಿನಿಂದ ಅವಳು ನನ್ನೊಡನೆ ಮಾತು ನಿಲ್ಲಿಸಿದಳು. ಸೆಟೆದುಕೊಂಡಿದ್ದಾಳೆ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದು ನಾನು ಸುಮ್ಮನಾದೆ. ಆಗಸ್ಟಿನಲ್ಲಿ ಶಾಲೆಯ ಟೀಚರು ಬಸಮ್ಮನನ್ನು ಕರೆಸಿದರು. ಹುಡುಗಿ ಹಾಜರಿ ಕೂಗಿದರೆ ಬರೀ ಕೈ ಎತ್ತುತ್ತಾಳೆ, ಪಾಠ ಓದು ಎಂದರೆ ಎದ್ದು ನಿಂತು ಪುಸ್ತಕ ನೋಡುತ್ತಾಳೆ, ಬರವಣಿಗೆಯೆಲ್ಲ ಸರಿಯಿದೆ ಆದರೆ ಬಾಯಿ ಬಿಡುವುದಿಲ್ಲ ಎಂದರಂತೆ. ಗಣೇಶನ ಹಬ್ಬದ ಹೊತ್ತಿಗೆ ತಾಯಿಯ ಕಿವಿಯಲ್ಲಿ ಪಿಸುಗುಡುತ್ತಿದ್ದುದೂ ನಿಂತುಹೋಯಿತು. ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು. ಬಟ್ಟಲಲ್ಲಿ ಅನ್ನ ಸಾಕಾದರೆ ಬಟ್ಟಲಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ವಠಾರದ ಮಕ್ಕಳು ಅವಳನ್ನು ಮೂಗಿ ಎಂದು ಕರೆಯಲು ಶುರುಮಾಡಿದ್ದು ನನಗೆ ಬಸಮ್ಮ ಹೇಳಿದ ಮೇಲೆ ಗೊತ್ತಾಯಿತು.

ನಾವು ಸುಮ್ಮನೆ ಕೂರಲಿಲ್ಲ. ಸೋಮೇಶ್ವರನ ಗುಡಿಯಲ್ಲಿ ಐದು ಸೋಮವಾರ ದೀಪ ಹಚ್ಚಿದೆವು. ಶಿವಾಜಿನಗರದ ದರ್ಗಾಕ್ಕೆ ಹೋಗಿ ನೀರು ಊದಿಸಿಕೊಂಡು ಬಂದು ಕುಡಿಸಿದೆವು, ತೋಳಿಗೆ ತಾಯತ ಕಟ್ಟಿಸಿದೆವು. ಊರಿನಿಂದ ನನ್ನ ಅವ್ವ ಹೇಳಿ ಕಳಿಸಿದಳು: ಹುಡುಗಿ ಎಲ್ಲೋ ಅಂಜಿಕೊಂಡಿದೆ, ಪಟ್ಟಣದ ಗಾಳಿ ಆಗಿಬಂದಿಲ್ಲ, ತಂದು ನನ್ನ ಹತ್ತಿರ ಬಿಡು, ಹೆಣ್ಣಿಗೆ ಅಷ್ಟು ಅಕ್ಷರ ಸಾಕು. ಮೊದಲು ಒಪ್ಪಲಿಲ್ಲ. ಆಮೇಲೆ ಶಾಲೆಯವರೂ, ಹೀಗೇ ಆದರೆ ಬೇರೆ ಥರದ ಶಾಲೆ ನೋಡಿಕೊಳ್ಳಿ ಎಂದಾಗ, ಅವ್ವ ಹೇಳಿದ್ದೇ ಸರಿ ಎನಿಸಿತು. ದಸರಾ ರಜೆಗೆ ಕರೆದುಕೊಂಡು ಹೋಗಿ ಬಿಟ್ಟುಬರುವುದೆಂದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲಿನ ಟಿಕೆಟು ತೆಗೆಸಿದೆ. ಬಿಟ್ಟುಬಂದರೆ ಮತ್ತೆ ಶಾಲೆ ಎಂಬುದಿಲ್ಲ, ಅದು ನನಗೆ ಗೊತ್ತಿತ್ತು. ನಾಲ್ಕನೇ ಕ್ಲಾಸಿಗೆ ನಿಲ್ಲುತ್ತಿತ್ತು. ನಾನು ನಿಂತ ಕ್ಲಾಸಿಗೇ.

ನಮ್ಮ ಪಕ್ಕದ ಮನೆಯ ಸೆಲ್ವಿ ಅಕ್ಕ ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಆಯಾ ಆಗಿದ್ದಳು. ಅಲ್ಲೇ ಹತ್ತಿರ ಒಂದು ಹಳೇ ಬಂಗಲೆಯ ಮಹಡಿಯಲ್ಲಿ ಶನಿವಾರ ಶನಿವಾರ ಒಬ್ಬ ಮೇಡಂ ಕೂರುತ್ತಾರೆ, ಮಕ್ಕಳನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ, ಅದಕ್ಕೆ ಕೌನ್ಸೆಲಿಂಗ್ ಅನ್ನುತ್ತಾರೆ ಎಂದು ಅವಳೇ ಬಸಮ್ಮನಿಗೆ ಹೇಳಿದ್ದು. ನಾನು ಕೇಳಿ ಉರಿದುಬಿದ್ದೆ. ನನ್ನ ಮಗಳಿಗೆ ಹುಚ್ಚೇ ಎಂದೆ. ಮನೆಯ ಮಾತನ್ನು ಯಾರದೋ ಮಹಡಿಯ ಮೇಲೆ ಹರವಿ ಕೂರುವುದೇ ಎಂದೆ. ಸೆಲ್ವಿ ಅಕ್ಕ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ನಿಧಾನವಾಗಿ ಹೇಳಿದಳು.

"ಅಣ್ಣಾ, ನೀವು ಕೂಗೋದು ವಠಾರಕ್ಕೆಲ್ಲಾ ದಿನಾ ಕೇಳುತ್ತೆ. ಇನ್ನೇನು ಮುಚ್ಚಿಡ್ತೀರಾ?"

ಬಸಮ್ಮ ಆವತ್ತು ನನ್ನ ತೋಳು ಹಿಡಿದು ನನ್ನೆದುರು ನಿಂತಳು. "ನೀವು ಬರ್ರಿ, ಬಿಡ್ರಿ. ನಾ ಒಬ್ಬಾಕಿನೇ ಕರಕೊಂಡು ಹೋಗ್ತೀನಿ." ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು.

ಮೂರು ಶನಿವಾರ ಅವರಿಬ್ಬರೇ ಹೋದರು. ಏನು ಮಾಡಿಸುತ್ತಾರೆ ಎಂದು ಕೇಳಿದರೆ, ಜೇಡಿಮಣ್ಣು ಕೊಡ್ತಾರ್ರಿ, ಬಣ್ಣ ಕೊಡ್ತಾರ್ರಿ, ಆಕಿ ಆಡ್ತಾಳ, ಮಾತಾಡು ಅಂತ ಅವ್ರು ಒಮ್ಮಿನೂ ಅಂದಿಲ್ಲ ಎಂದಳು. ನನಗೆ ನಗು ಬಂತು. ಮಾತು ಬಿಟ್ಟ ಹುಡುಗಿಗೆ ಮಾತಾಡು ಎನ್ನದೆ ಮಣ್ಣು ಕೊಡುವ ವೈದ್ಯ ಎಂಥದು? ಮೇಡಂ ನನ್ನನ್ನು ಬರಹೇಳಿದ್ದಾರೆ ಎಂದು ಬಸಮ್ಮ ಪ್ರತಿ ಸಲವೂ ಹೇಳುತ್ತಿದ್ದಳು. ನಾನು ಕೆಲಸದ ನೆಪ ಹೇಳುತ್ತಿದ್ದೆ. ಕೊನೆಗೆ ಹೋದದ್ದು ಒಪ್ಪಿ ಅಲ್ಲ. ದಸರೆಗೆ ಇನ್ನೊಂದು ವಾರ ಇತ್ತು. ಮಗಳನ್ನು ಊರಿಗೆ ಬಿಡುತ್ತಿದ್ದೇನೆ, ಇನ್ನು ನಿಮ್ಮ ಉಪಕಾರ ಸಾಕು ಎಂದು ಮುಖದ ಮೇಲೆ ಹೇಳಿ ಬರೋಣವೆಂದು ಇಸ್ತ್ರಿ ಅಂಗಿ ಹಾಕಿಕೊಂಡು, ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋದೆ.

ಮೇಡಂ ಹೆಸರು ನಸ್ರೀನ್. ಐವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಹತ್ತಿ ಸೀರೆ. ಮರದ ಹಲಗೆಯ ನೆಲದ ಹಳೇ ಕಾಲದ ಕೋಣೆ. ಮೂಲೆಯಲ್ಲಿ ಚಾಪೆ ಹಾಸಿದ್ದರು, ಮಾದೇವಿ ಹೋದ ಕೂಡಲೇ ತನ್ನ ಮನೆಯ ಹಾಗೆ ಅಲ್ಲಿ ಕೂತು ಮಣ್ಣು ಕಲಸತೊಡಗಿದಳು. ನಾನು ಟಿಕೆಟು ತೆಗೆದು ಮೇಜಿನ ಮೇಲಿಟ್ಟೆ, ಹೇಳಬೇಕಾದ್ದನ್ನು ಹೇಳಿದೆ. ಮೇಡಂ ಅದನ್ನು ನೋಡಿದರು, ಮುಟ್ಟಲಿಲ್ಲ. ಬೇಡ ಎನ್ನಲಿಲ್ಲ. ನಿಮ್ಮ ಕೆಲಸ ಏನು, ಹೇಗೆ ಮಾಡುತ್ತೀರಿ ಎಂದು ಕೇಳಿದರು.

ನನ್ನ ಕೆಲಸದ ಬಗ್ಗೆ ಕೇಳಿದರೆ ನಾನು ನಿಲ್ಲುವವನಲ್ಲ. ಮೊದಲ ಸಲ ಒರಟು ಕಲ್ಲು, ಆಮೇಲೆ ತೂತುಗಳಿಗೆ ಸಿಮೆಂಟ್ ಹಾಲು ತುಂಬುವುದು, ಎರಡು ದಿನ ಬಿಟ್ಟು ನಯದ ಕಲ್ಲು, ಕೊನೆಗೆ ಹೊಳಪಿಗೆಂದು ಆಸಿಡ್‌ನಂಥ ಹುಳಿಪುಡಿ ಹಾಕಿ ಉಜ್ಜುವುದು, ಎಲ್ಲ ಹೇಳಿದೆ. ಬಾಗಿಲು ಮುಚ್ಚಿಕೊಂಡು ನಿಲ್ಲುವುದನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರು ಎದ್ದು ಹಿಂದಿನ ಬೀರುವಿನ ಕಡೆ ಹೋದರು. ನಾನು ನಸ್ರೀನ್ ಮೇಡಂ ವಾಪಸು ಬಂದು ಕೂರಲಿ ಎಂದು ಗೋಡೆಯ ಕ್ಯಾಲೆಂಡರು ನೋಡುತ್ತ ಕಾದೆ. ಬಸಮ್ಮ ನನ್ನ ತೋಳು ಮುಟ್ಟಿದಳು. ತಿರುಗಿ ನೋಡಿದರೆ ಮೂವರೂ ನನ್ನನ್ನೇ ನೋಡುತ್ತಿದ್ದರು, ಮಾದೇವಿಯೂ.

"ಮಲ್ಲಪ್ಪನವರೇ, ನಿಮ್ಮ ಹೆಸರು ಹಿಡಿದು ಮೂರು ಸಲ ಕರೆದೆ," ಎಂದರು ಮೇಡಂ, ನನ್ನೆದುರಿಗೆ ಬಂದು ಕೂತು.

ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದೆ.

"ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತಲ್ಲಾ," ಎಂದರು.

ತಲೆಯೆತ್ತಿ ನೋಡಿದೆ. ಫ್ಯಾನು ನಿಂತಿತ್ತು. ಮೂಲೆಯಲ್ಲಿ ಮಾದೇವಿಯ ಭುಜ ಕುಲುಕಿತು. ಅವಳು ನಗುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ ಅವಳು ನಕ್ಕದ್ದು, ಅದೂ ನನ್ನನ್ನು ನೋಡಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆಮೇಲೆ ಮೇಡಂ ಬಸಮ್ಮನನ್ನು ಕೇಳಿದರು, ನೀವು ಇವರ ಜೊತೆ ಮಾತಾಡೋ ಮೊದಲು ತೋಳು ಮುಟ್ಟುತ್ತೀರಲ್ಲ, ಯಾವಾಗಿನಿಂದ ಎಂದು. ಬಸಮ್ಮ ಯೋಚಿಸಿದಳು. ಅದನ್ನು ಅವಳೂ ಗಮನಿಸಿರಲಿಲ್ಲ. "ಮುಟ್ಟಿದ್ರನ ತಿರುಗಿ ನೋಡ್ತಾರ್ರಿ. ಇಲ್ಲಂದ್ರ ಅವ್ರ ಧ್ಯಾಸ ಅವ್ರಿಗೆ," ಎಂದಳು. ಮುನಿಯಪ್ಪ ನನ್ನ ಹೆಗಲು ತಟ್ಟಿ ಮಾತಾಡುತ್ತಿದ್ದುದು ನನಗೆ ಆಗ ನೆನಪಾಯಿತು. ಮನೆಯವರು, ಕೆಲಸದವರು ಎಲ್ಲ ತಮಗೇ ತಿಳಿಯದಂತೆ ನನಗೆ ಹೊಂದಿಕೊಂಡಿದ್ದರು. ಹೊಂದಿಕೊಳ್ಳಲು ಬರದೆ ಹೋದದ್ದು ಒಂಬತ್ತು ವರ್ಷದ ಒಬ್ಬಳಿಗೆ.

ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ ಬನ್ನಿ, ಊರಿಗೆ ಹೋಗುವುದನ್ನು ಅಲ್ಲಿಯವರೆಗೆ ತಡೆಯಿರಿ ಎಂದಷ್ಟೇ ಮೇಡಂ ಹೇಳಿದ್ದು. ಹೋದೆ. ಸಣ್ಣ ಗೂಡಿನಂಥ ಕೋಣೆಯೊಳಗೆ ಕೂರಿಸಿ ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಬೆರಳೆತ್ತಲು ಸಿದ್ಧನಾಗಿ ಕೂತೆ. ತುಂಬ ಹೊತ್ತು ಏನೂ ಬರಲಿಲ್ಲ. ಇನ್ನೂ ಶುರುವಾಗಿಲ್ಲ ಎಂದುಕೊಂಡೆ. ಗಾಜಿನ ಆಚೆ ಕೂತಿದ್ದ ಹುಡುಗಿ ಒಂದೇ ಸಮನೆ ಗುಂಡಿ ಒತ್ತುತ್ತಿದ್ದಳು. ಆಮೇಲೆ ಡಾಕ್ಟರು ಒಂದು ಕಾಗದದಲ್ಲಿ ಇಳಿಜಾರಿನ ಗೆರೆ ತೋರಿಸಿದರು. ಗಂಡಸರ ದಪ್ಪ ದನಿ ಇನ್ನೂ ಕೇಳುತ್ತದೆ, ಎದುರಿಗೆ ನಿಂತರೆ ಹೆಂಡತಿಯದೂ ಸ್ವಲ್ಪ ಹಿಡಿಯುತ್ತದೆ, ಮಕ್ಕಳ ಸಣ್ಣ ದನಿಗೆ ಕಿವಿ ಸತ್ತಿದೆ, ಮಷೀನಿನ ಸದ್ದೇ ಕಾರಣ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಆಸ್ಪತ್ರೆಯ ಹೊರಗೆ ಬಸ್ ನಿಲ್ದಾಣದ ಗದ್ದಲದ ನಡುವೆ ನಿಂತು ಮಗ್ಗಿಯ ಸಂಜೆಗಳನ್ನೆಲ್ಲ ಒಂದೊಂದಾಗಿ ನೆನೆದೆ. ಅವಳು ಪ್ರತಿ ಸಲವೂ ಸರಿಯಾಗಿಯೇ ಹೇಳಿದ್ದಳು.

ರೈಲಿನ ಟಿಕೆಟು ವಾಪಸು ಮಾಡಿದೆ.

ಮೇಡಂ ನನಗೊಂದು ಕೆಲಸ ಕೊಟ್ಟರು. ದಿನಕ್ಕೆ ಹತ್ತು ನಿಮಿಷ ಮಗಳ ಎದುರು ನೆಲದ ಮೇಲೆ ಕೂರಬೇಕು. ಏನೂ ಕೇಳಬಾರದು. ಮಗ್ಗಿ ಬೇಡ, ಗಟ್ಟಿಯಾಗಿ ಎಂಬ ಮಾತು ಬಾಯಲ್ಲಿ ಬರಬಾರದು. ಎಲ್ಲಕ್ಕಿಂತ ಮೊದಲು ತಪ್ಪು ಅವಳದಲ್ಲ ಎಂದು ಅವಳಿಗೆ ಬಾಯಿಬಿಟ್ಟು ಹೇಳಬೇಕು. ನನಗೆ ಇದು ಕಿವಿ ಹೋದದ್ದಕ್ಕಿಂತ ಭಾರವಾಯಿತು. ತಂದೆ ಮಗಳ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ನಾನು ನೋಡಿದವನಲ್ಲ. ಎರಡು ದಿನ ಸುಮ್ಮನೆ ಎದುರಿಗೆ ಕೂತೆದ್ದೆ. ಮೂರನೇ ದಿನ ಸಂಜೆ ದನಿ ತಗ್ಗಿಸಲು ನೋಡಿದೆ. ಎಷ್ಟು ತಗ್ಗಿತೋ ಗೊತ್ತಿಲ್ಲ.

"ಮಾದೇವಿ, ನನಗ ಕಿವಿ ಕೇಳಂಗಿಲ್ಲವ್ವ. ನೀ ಸರಿಯಾಗೇ ಹೇಳ್ತಿದ್ದಿ. ನಂಗ ಕೇಳ್ತಿರಲಿಲ್ಲ. ಹೊಡೆದದ್ದು ನನ್ನ ತಪ್ಪು."

ಅವಳು ಮೊಣಕಾಲಿನ ಮೇಲೆ ಎದ್ದು, ಹತ್ತಿರ ಬಂದು, ನನ್ನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಇಣುಕಿದಳು. ಏನೋ ಬಿದ್ದಿದೆಯೇನೋ, ತೆಗೆದರೆ ಸರಿಹೋಗುತ್ತದೇನೋ ಎಂಬಂತೆ. ಆಮೇಲೆ ಇನ್ನೊಂದು ಕಿವಿಯನ್ನೂ ನೋಡಿದಳು.

ಮರುದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಐದಾರು ವಾರ ಏನೂ ಆಗಲಿಲ್ಲ. ಶನಿವಾರ ಬಂದರೆ ಮೂವರೂ ಹೋಗುತ್ತಿದ್ದೆವು. ಒಂದು ಶನಿವಾರ ಮೇಡಂ ಅವಳೊಂದಿಗೆ ಬರೀ ಬಣ್ಣ ಬಳಿಯುತ್ತ ಕೂತರು, ಇನ್ನೊಂದು ಶನಿವಾರ ನಮ್ಮಿಬ್ಬರನ್ನೇ ಕೂರಿಸಿಕೊಂಡು ನನ್ನ ಶಾಲೆ ಯಾಕೆ ನಿಂತಿತು ಎಂದು ಕೇಳಿದರು. ನಾನು ಮೂವತ್ತು ವರ್ಷ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ಅಪ್ಪ ತೀರಿದ್ದು ಒಂದು ಕಾರಣ. ಇನ್ನೊಂದು, ಮೇಷ್ಟ್ರು ಮಗ್ಗಿ ಕೇಳಿದಾಗ ಬರದೆ ಬೆಂಚಿನ ಮೇಲೆ ನಿಂತಿದ್ದೆ, ಮಾರನೇ ದಿನದಿಂದ ನಾನೇ ಹೋಗಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಬಸಮ್ಮ ನನ್ನನ್ನು ಬೇರೆ ಥರ ನೋಡಿದಳು. ಟೀಚರಿಗೆ ಮೇಡಂ ಚೀಟಿ ಬರೆದುಕೊಟ್ಟರು, ಅವರು ಬೇರೆ ಶಾಲೆಯ ಮಾತು ಎತ್ತುವುದನ್ನು ಬಿಟ್ಟರು, ಕೈ ಎತ್ತಿದರೂ ಹಾಜರಿ ಹಾಕಿಕೊಂಡರು. ನನ್ನ ಅವ್ವ ಮಾತ್ರ, ಹೆಂಡತಿ ಮಾತು ಕೇಳಿ ಕೆಟ್ಟಿ ಎಂದು ಹೇಳಿ ಕಳಿಸಿದಳು.

ಮಾತು ಬಂದದ್ದು ಕಾರ್ತಿಕದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಾನು ವಠಾರದ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದೆ. ತೋಳಿಗೆ ಏನೋ ತಾಗಿತು, ಬಸಮ್ಮ ಎಂದುಕೊಂಡು ತಿರುಗಿದರೆ ಮಾದೇವಿ. ಅವರವ್ವ ಮುಟ್ಟುವ ಹಾಗೆಯೇ ಎರಡು ಬೆರಳಿನಿಂದ ಮುಟ್ಟಿ, ನಾನು ಮುಖ ನೋಡುವವರೆಗೆ ಕಾದು, ತುಟಿ ಅಲುಗಿಸಿದಳು. ತುಟಿ ನೋಡಿ ತಿಳಿದುಕೊಂಡೆ. "ನಾನೂ ಬರ್ತೀನಿ." ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ನಾನು ಎಲ್ಲಿಗೂ ಹೊರಟಿರಲೂ ಇಲ್ಲ. ಅವಳನ್ನು ಕೂರಿಸಿಕೊಂಡು ಬಾಣಸವಾಡಿ ರೈಲು ನಿಲ್ದಾಣದವರೆಗೆ ಸೈಕಲ್ ತುಳಿದೆ, ವಾಪಸು ಬಂದೆ. ದಾರಿಯಲ್ಲಿ ಅವಳು ಹಿಂದೆ ಕೂತು ಏನಾದರೂ ಹೇಳಿದಳೋ ಏನೋ. ಕೇಳಿಸುವ ಹಾಗಿರಲಿಲ್ಲ.

ಅದೇ ನನ್ನನ್ನು ಮರುವಾರ ಕಿವಿಯ ಮಷೀನಿಗೆ ಓಡಿಸಿತು. ಅಲ್ಲಿಯವರೆಗೆ ಒಪ್ಪಿರಲಿಲ್ಲ. ಕಿವುಡ ಮಲ್ಲಪ್ಪ ಎಂದು ಹೆಸರು ಬಿದ್ದರೆ ಕೆಲಸ ಯಾರು ಕೊಡುತ್ತಾರೆ, ಆಳುಗಳು ಬೆನ್ನ ಹಿಂದೆ ಏನೆನ್ನುತ್ತಾರೆ ಎಂಬ ಅಂಜಿಕೆ. ಆಗ ಬಡವರಿಗೆ ಸಿಗುತ್ತಿದ್ದುದು ಬೆಂಕಿಪೊಟ್ಟಣಕ್ಕಿಂತ ದೊಡ್ಡ ಪೆಟ್ಟಿಗೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಅಲ್ಲಿಂದ ಕಿವಿಗೆ ವೈರು ಎಳೆದುಕೊಳ್ಳುವುದು. ಬಚ್ಚಿಡಲು ಆಗುವಂಥದ್ದಲ್ಲ. ಅದನ್ನು ಹಾಕಿಕೊಂಡು ಮೊದಲ ದಿನ ಕೆಲಸದ ಮನೆಗೆ ಹೋದಾಗ ಯಾರ ಮುಖವನ್ನೂ ನೋಡಲಿಲ್ಲ. ಮುನಿಯಪ್ಪ ಹತ್ತಿರ ಬಂದ.

"ಅಣ್ಣಾ, ರೇಡಿಯೋ ತಂದ್ರಾ? ವಾರ್ತೆ ಹಾಕಿ ಒಸಿ, ಕೇಳಾನ."

ಎಲ್ಲರೂ ನಕ್ಕರು. ನಿಮಗೆಲ್ಲ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಐದು ವರ್ಷದಿಂದ ಗೊತ್ತು, ಹೇಳಿದರೆ ನೀವು ಕೇಳಿಸಿಕೊಳ್ಳುತ್ತಿದ್ರಾ ಎಂದ. ಅಂದಿನಿಂದ ನಮ್ಮ ಗುಂಪಿನಲ್ಲಿ ಮಷೀನು ಹಿಡಿಯುವವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಕಟ್ಟುಮಾಡಿದೆ. ಯಾರಾದರೂ ಮರೆತರೆ ಮಷೀನು ನಿಲ್ಲಿಸುತ್ತಿದ್ದೆ.

ಪೆಟ್ಟಿಗೆ ಹಾಕಿಕೊಂಡ ಮೊದಲ ವಾರ ಲೋಕವೆಲ್ಲ ಡಬ್ಬ ಬಡಿದ ಹಾಗಿತ್ತು. ಪಾತ್ರೆ, ಕಾಗೆ, ಬಸ್ಸಿನ ಬ್ರೇಕು, ನನ್ನ ಚಪ್ಪಲಿಯದೇ ಸದ್ದು. ನನ್ನ ದನಿ ಕೇಳಿ ನಾನೇ ಬೆಚ್ಚಿದೆ. ಇಷ್ಟು ಜೋರಾಗಿ ಮಾತಾಡುತ್ತಿದ್ದೆನೇ ಎಂದು ಬಸಮ್ಮನನ್ನು ಕೇಳಿದರೆ, ಇದಕ್ಕಿಂತ ಎರಡು ಪಟ್ಟು ಎಂದಳು. ಮನೆಯಲ್ಲಿ ನನ್ನ ದನಿ ಇಳಿದಂತೆ ಮಾದೇವಿಯ ದನಿ ಏರಿತು. ಮೊದಲು ಒಂದೊಂದು ಶಬ್ದ, ಆಮೇಲೆ ಸಣ್ಣ ವಾಕ್ಯ. ವಠಾರದ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುವಾಗ ಜಗಳಕ್ಕೆ ಬಿದ್ದು ಕಿರುಚಿದಳೆಂದು ಸೆಲ್ವಿ ಅಕ್ಕ ಓಡಿಬಂದು ಹೇಳಿದಾಗ ನಾವು ಅದಕ್ಕೆ ಪಾಯಸ ಮಾಡಿಕೊಂಡು ತಿಂದೆವು. ಡಿಸೆಂಬರಿನಲ್ಲಿ ತರಗತಿಯಲ್ಲಿ ಎರಡು ಸಾಲು ಓದಿದಳಂತೆ. ಟೀಚರು ಬಸಮ್ಮನನ್ನು ಮತ್ತೆ ಕರೆಸಿದರು, ಈ ಸಲ ಅಷ್ಟನ್ನು ಹೇಳಲಿಕ್ಕೇ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ಇನ್ನು ವಾರವಾರ ಬರಬೇಕಾಗಿಲ್ಲ, ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು ಮೇಡಂ. ಬಸಮ್ಮ ಜ್ವರದಿಂದ ಮಲಗಿದ್ದಳು, ನಾವಿಬ್ಬರೇ ಹೋಗಿದ್ದೆವು. ನಾನು ಕೈ ಮುಗಿದು ಏಳುವುದರಲ್ಲಿದ್ದೆ. ಮೇಡಂ ಮಾದೇವಿಯ ಕಡೆ ತಿರುಗಿ, ಅಪ್ಪನಿಗೆ ಹೇಳಬೇಕಾದ್ದು ಏನಾದರೂ ಉಳಿದಿದೆಯಾ ಪುಟ್ಟಿ, ಇಲ್ಲಿ ಏನು ಹೇಳಿದರೂ ಅವರು ಕೇಳಿಸಿಕೊಳ್ಳುತ್ತಾರೆ ಎಂದರು. ನಾನು ಮತ್ತೆ ಕೂತೆ. ಅಪ್ಪ ಒಳ್ಳೆಯವನು ಎಂದೋ, ಶಾಲೆಗೆ ಹೋಗುತ್ತೇನೆ ಎಂದೋ ಹೇಳುತ್ತಾಳೆ ಎಂದುಕೊಂಡು ಜೇಬಿನ ಪೆಟ್ಟಿಗೆಯನ್ನು ಸರಿಮಾಡಿಕೊಂಡೆ.

"ನೀ ನನ್ನ ಹೊಡೆದಿ," ಎಂದಳು. "ಹದಿಮೂರರ ಮಗ್ಗಿ ನಂಗ ಬರ್ತಿತ್ತು. ಮೂರು ಸಲ ಹೇಳೀನಿ. ನೀ ಹೊಡೆದಿ."

ತಪ್ಪಾಯಿತೆಂದು ಆಗಲೇ ಹೇಳಿದ್ದೇನಲ್ಲ ಎಂಬುದು ನಾಲಿಗೆಯ ತುದಿಗೆ ಬಂತು. ಮೇಡಂ ನನ್ನನ್ನು ನೋಡುತ್ತಿದ್ದರು. ನುಂಗಿಕೊಂಡೆ. "ಹೌದವ್ವ, ಹೊಡೆದೆ," ಎಂದೆ. ಅಷ್ಟೇ.

ಹೊರಗೆ ಬಂದೆವು. ಬಸ್ಸು ಬಂತು, ಹತ್ತಲಿಲ್ಲ. ಅವಳಿಗೆ ಇನ್ನೂ ಹೇಳುವುದಿತ್ತು. ಕಾಕ್ಸ್ ಟೌನ್ ಕಡೆಯ ಮರಗಳ ಕೆಳಗೆ ನಡೆಯುತ್ತ ಒಂದೊಂದೇ ತೆಗೆದಳು. ಟೀಚರ ಮುಂದೆ ನೀ ನನ್ನ ಮೊಂಡಿ ಅಂದಿ. ಊರಿಗೆ ಬಿಡ್ತೀನಿ ಅಂತ ನನ್ನ ಕೇಳದೇ ಟಿಕೆಟ್ ತಂದಿ. ತಾಯತ ಕಟ್ಟಿದ್ರಿ, ಅದು ತುರಸ್ತಿತ್ತು. ನನ್ನ ಗೆಳತಿ ಮನೆಗೆ ಬಂದಾಗ ನೀ ಮಾತಾಡಿದ್ದಕ್ಕ ಆಕಿ ಅಂಜಿ ಓಡಿದ್ಲು. ಸಣ್ಣ ದನಿಯೇ, ಆದರೆ ನಿಲ್ಲುತ್ತಿರಲಿಲ್ಲ. ನನ್ನ ತಪ್ಪುಗಳು ಇಷ್ಟಿವೆ ಎಂದು ನನಗೇ ತಿಳಿದಿರಲಿಲ್ಲ. ಬೇರೆ ಯಾರಾದರೂ ರಸ್ತೆಯಲ್ಲಿ ನನ್ನನ್ನು ಹಾಗೆ ಅಂದಿದ್ದರೆ ಬಿಡುತ್ತಿರಲಿಲ್ಲ. ಆವತ್ತು ಪ್ರತಿಯೊಂದಕ್ಕೂ ಹೂಂ ಎನ್ನುತ್ತ ನಡೆದೆ. ಎದೆಯ ಮೇಲಿನಿಂದ ಹೇರು ಇಳಿಸಿದ ಹಾಗಿತ್ತು.

ಹಲಸೂರಿನ ನಮ್ಮ ಬೀದಿಯ ತಿರುವು ಬಂದಾಗ ಅವಳು ಐದನೆಯದೋ ಆರನೆಯದೋ ಹೇಳುತ್ತಿದ್ದಳು. ವಠಾರದ ಬಾಗಿಲು ಕಾಣುತ್ತಿತ್ತು. ಒಳಗೆ ಹೋದರೆ ಮಾತು ಅಲ್ಲಿಗೇ ನಿಲ್ಲುತ್ತದಲ್ಲ ಎನಿಸಿತು. ಅವಳ ಕೈ ಹಿಡಿದು, ಕೆರೆ ಸುತ್ತು ಹಾಕಿಕೊಂಡು ಹೋಗೋಣು, ನೀ ಹೇಳು ಎಂದೆ.